ಮಾಳಪ್ಪನ ಟೇಮ್

ಮಾಳಪ್ಪ ಎಮ್ಮೆಯನ್ನು ಗೂಟಕ್ಕೆ ಕಟ್ಟುತ್ತಿರಲಿಲ್ಲ. ಹಗ್ಗವನ್ನು ಗೂಟಕ್ಕೆ ಒಂದು ಸುತ್ತು ಸುತ್ತಿ, ತುದಿಯನ್ನು ನೆಲಕ್ಕೆ ಚೆಲ್ಲಿ, ಕೈಗೆ ಹತ್ತಿದ ಸಗಣಿಯನ್ನು ಎಮ್ಮೆಯ ಬೆನ್ನಿಗೇ ಒರೆಸಿ ಎದ್ದು ಹೋಗುತ್ತಿದ್ದ. ಗಂಟು ಹಾಕುವ ಮಾತೇ ಇಲ್ಲ. ಎಮ್ಮೆ ಒಮ್ಮೆ ಕತ್ತು ಜಗ್ಗಿದರೆ ಸಾಕು, ಹಗ್ಗ ಬಿಚ್ಚಿಕೊಂಡು ಬರುವಂತಿರುತ್ತಿತ್ತು. ಆದರೆ ಎಮ್ಮೆ ಜಗ್ಗುತ್ತಿರಲಿಲ್ಲ. ಹೊಸದಾಗಿ ನೋಡಿದವರು ಬೇಲಿಯ ಆಚೆಯಿಂದ ಕೂಗುತ್ತಿದ್ದರು: "ಏ ಮಾಳಪ್ಪಾ, ಎಮ್ಮಿ ಉಚಗೊಂಡು ಹೋಗತೈತಿ ನೋಡಲೇ!" ಅವನು ತಿರುಗಿಯೂ ನೋಡುತ್ತಿರಲಿಲ್ಲ. "ಎಲ್ಲಿಗಿ ಹೋಗತೈತ್ರಿ? ಟೇಮ್ ಐತಿ ಅದು."

ಅವನಿಗೆ ಬರುತ್ತಿದ್ದ ಇಂಗ್ಲಿಷ್ ಮಾತು ಇದೊಂದೇ. ಟೇಮ್ ಅಂದರೆ ಪಳಗಿದ್ದು, ಮನುಷ್ಯರ ಕೈಗೆ ಒಗ್ಗಿದ್ದು. ನಮ್ಮ ಕಡೆ ಗಡಿಯಾರದ ಹೊತ್ತಿಗೂ ಟೇಮ್ ಅಂತಲೇ ಅನ್ನುತ್ತಾರೆ. ಬಸ್ಸಿನ ಟೇಮ್, ಶಾಲೆಯ ಟೇಮ್, ಎಮ್ಮೆ ಕರು ಹಾಕುವ ಟೇಮ್. ಹೀಗಾಗಿ ಊರೆಲ್ಲ ಒಂದು ಟೇಮ್ ಹಿಡಿದು ಮಾತಾಡಿದರೆ ಮಾಳಪ್ಪ ತನ್ನದೇ ಇನ್ನೊಂದು ಟೇಮ್ ಇಟ್ಟುಕೊಂಡಿದ್ದ. ಅದನ್ನು ಬಿಡು ಎಂದು ನಾನೇ ಎಷ್ಟು ಬೈದೆನೋ. ಬಿಡಲಿಲ್ಲ.

ಅವನು ನನ್ನ ತಂಗಿ ಶಾಂತವ್ವನ ಗಂಡ. ಉಗಾರ ಖುರ್ದದವನು. ನಮ್ಮ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ನಾನು ಗಂಡ ಸತ್ತ ಮೇಲೆ ತವರಿಗೆ ಬಂದು ಕೂತವಳು. ಮುಗಳಖೋಡದ ಆಚೆ ತೋಟದಲ್ಲಿ ಮನೆ, ಒಂದಿಷ್ಟು ಹೊಲ, ಎಮ್ಮೆಗಳು. ದುಡಿಯುವುದಕ್ಕೆ ಒಂದು ಗಂಡಾಳು ಬೇಕೆಂದು ಅಪ್ಪ ಮಾಳಪ್ಪನನ್ನು ಮನೆಅಳಿಯ ಮಾಡಿಕೊಂಡ. ಮದುವೆಯ ದಿನ ಅವನ ಅಣ್ಣ ಅಪ್ಪಾಸಾಬ ಎಲ್ಲರೆದುರಿಗೆ ಹೇಳಿದ: "ಮಾಮಾ, ನನ್ನ ತಮ್ಮನ್ನ ಕೊಡಾಕತ್ತೇನಿ, ಮಾರಾಕತ್ತಿಲ್ಲ. ಅವನ ಹೊರಸ ನಮ್ಮ ಪಡಸಾಲ್ಯಾಗ ಹಂಗ ಇರತೈತಿ. ಬ್ಯಾಸರಾದ ದಿನ ಎದ್ದ ಬರಲಿ."

ಹಂಗೇ ಇಟ್ಟ. ಉಗಾರಕ್ಕೆ ಹೋದಾಗಲೆಲ್ಲ ನಾನು ಆ ಹಗ್ಗದ ಹೊರಸನ್ನು ನೋಡಿದ್ದೇನೆ. ಅದರ ಮೇಲೆ ಯಾರನ್ನೂ ಮಲಗಿಸುತ್ತಿರಲಿಲ್ಲ. ಇತ್ತ ನಮ್ಮೂರಿನವರು, ಮನೆಅಳಿಯ ಯಾವಾಗ ಓಡಿಹೋಗುತ್ತಾನೋ ಎಂದು ಕಾಯುತ್ತ ಕೂತಿದ್ದರು. ಜಗಳವಾದ ಮರುದಿನ ಯಾರಾದರೂ ಬೇಲಿಯ ಹತ್ತಿರ ಬಂದು, "ಐದಾನೇನಬೇ ನಿಮ್ಮ ಅಳಿಯ?" ಎಂದು ಕೇಳುತ್ತಿದ್ದರು. ಇದ್ದ. ಎಮ್ಮೆಯ ಹತ್ತಿರ ಇದ್ದ.

ಅವನ ಕೆಲಸವನ್ನು ನೋಡಿದರೆ ಕೆಲಸ ಅನ್ನಿಸುತ್ತಿರಲಿಲ್ಲ. ಮೊದಲ ಸೂಲಿನ ಎಮ್ಮೆ ಕೆಚ್ಚಲಿಗೆ ಕೈ ಹಾಕಗೊಡುವುದಿಲ್ಲ. ಬೇರೆಯವರು ಹಿಂಗಾಲು ಕಟ್ಟಿ, ಬಡಿದು, ಬೈದು ಹಿಂಡುತ್ತಾರೆ. ಮಾಳಪ್ಪ ಹೋಗಿ ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದ. ಕಾಲಿನ ಹೆಬ್ಬೆರಳಿಗೆ ನಾರು ಸಿಗಿಸಿಕೊಂಡು ಹಗ್ಗ ಹೊಸೆಯುವುದು, ನಿಪ್ಪಾಣಿ ತಂಬಾಕು ತಿಕ್ಕಿ ದವಡೆಗಿಡುವುದು, ಕೆಮ್ಮುವುದು, ಇಷ್ಟೇ. ಎಮ್ಮೆಯ ಕಡೆ ಕಣ್ಣೆತ್ತಿ ನೋಡುವುದಿಲ್ಲ. ದಿನಗಟ್ಟಲೆ ಹೀಗೆ. ಕೊನೆಗೆ ಎಮ್ಮೆಗೇ ತಡೆಯಲಾರದೆ ಕತ್ತು ಚಾಚಿ ಅವನ ತಲೆಯ ಪಟಕಾ ಮೂಸುತ್ತಿತ್ತು. ಆಗಲೂ ತಿರುಗುತ್ತಿರಲಿಲ್ಲ.

"ಅದರ ಕಡೆ ನೋಡಿದ್ಯಂದರ, ಇವಗ ನನ್ನಿಂದ ಏನೋ ಬೇಕಾಗೇತಿ ಅಂತ ಅದಕ್ಕ ತಿಳೀತೈತಿ ಅಕ್ಕಾ" ಎಂದು ನನಗೆ ಹೇಳಿದ್ದ.

"ಬೇಕಾಗಿಲ್ಲೇನು? ಹಾಲ ಬೇಕಲ್ಲ?"

"ಬೇಕ. ಮೊದಲನೇ ದಿನಾನ ಹೇಳಬಾರದು."

ಎಲ್ಲವೂ ಪಳಗುತ್ತಿದ್ದವು ಎಂದು ಹೇಳಿದರೆ ಸುಳ್ಳಾಗುತ್ತದೆ. ಕಾಶಿ ಅಂತ ಒಂದು ಎಮ್ಮೆ ಇತ್ತು, ಕೋಡು ಹಿಂದಕ್ಕೆ ಬಾಗಿ ಭುಜದವರೆಗೆ ಬಂದಿದ್ದವು. ಅದು ಅವನ ಮುಂದಿನ ಹಲ್ಲನ್ನು ಒದ್ದು ಉದುರಿಸಿತು. ರಕ್ತ ಉಗುಳುತ್ತ ಬಂದವನು, "ಇದು ಟೇಮ್ ಆಗಂಗಿಲ್ಲಕ್ಕಾ. ಇದಕ್ಕ ನಿನ್ನ ಗುಣ ಬಂದೈತಿ" ಅಂದ. ಶಾಂತವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನು ಅವನ ಬಾಯಿಗೆ ಅರಿಷಿಣ ಹಚ್ಚುವಾಗ ಸ್ವಲ್ಪ ಜೋರಾಗಿಯೇ ಒತ್ತಿದೆ.

ಟೇಮ್ ಅನ್ನುವ ಮಾತು ಅವನಿಗೆ ಸಿಕ್ಕದ್ದು ಒಂದು ನಾಯಿಯಿಂದ. ಮದುವೆಗೆ ಮೊದಲು ಉಗಾರದ ಕಡೆ ಒಬ್ಬ ಸಾಹೇಬರ ಬಂಗಲೆಯಲ್ಲಿ ಹುಲ್ಲು ಕೊಯ್ಯುವ ಕೆಲಸಕ್ಕಿದ್ದ. ಅಲ್ಲೊಂದು ಕರುವಿನಷ್ಟು ಎತ್ತರದ ನಾಯಿ. ಯಾರಾದರೂ ಗೇಟಿನ ಹತ್ತಿರ ಬಂದು ಹೆದರಿ ನಿಂತರೆ ಸಾಹೇಬರು ಒಳಗಿನಿಂದಲೇ, "ಟೇಮ್! ಟೇಮ್!" ಎಂದು ಕೂಗುತ್ತಿದ್ದರಂತೆ. ಬಂದವರು, ಮಾಳಪ್ಪನೂ ಸೇರಿ, ಅದು ನಾಯಿಯ ಹೆಸರೆಂದೇ ತಿಳಿದಿದ್ದರು. ಮಾಳಪ್ಪ ಅದಕ್ಕೆ ರೊಟ್ಟಿ ಹಾಕುವಾಗ, "ಬಾ ಟೇಮ್ಯಾ, ತಿನ್ನು ಟೇಮ್ಯಾ" ಎನ್ನುತ್ತಿದ್ದ. ಆಮೇಲೆ ಅಲ್ಲಿಯ ಅಡುಗೆಯವನು, ಹೆಸರು ಬೇರೆ ಇದೆ ಮಾರಾಯ, ಟೇಮ್ ಅಂದರೆ ಪಳಗಿದೆ, ಕಚ್ಚುವುದಿಲ್ಲ ಅಂತ ಅರ್ಥ ಎಂದು ಬಿಡಿಸಿ ಹೇಳಿದ.

"ಕಡೀತಿರಲಿಲ್ಲೇನು ಮತ್ತ?" ಎಂದು ನಾನು ಕೇಳಿದೆ.

"ಒಂದ ಸಲ ಕಡೀತು. ಅಡಗಿಯವನ್ನ."

ಈ ಮಾತಿನಿಂದ ನಮ್ಮ ಮನೆಗೆ ಬಂದ ಜಗಳವನ್ನು ಹೇಳಬೇಕು. ರಾಯಬಾಗದ ಸಂತೆಗೆ ಅವನು ಒಂದು ಎಮ್ಮೆಯನ್ನು ಮಾರಲು ಒಯ್ದಿದ್ದ. ಗಬ್ಬಾಗಿತ್ತು, ಕರು ಹಾಕಲು ಇನ್ನೂ ಬಹಳ ತಿಂಗಳಿತ್ತು. ಕಾಗವಾಡ ಕಡೆಯ ಒಬ್ಬ ರೈತ ಬಂದು ಎಮ್ಮೆಯ ಬೆನ್ನು ಸವರಿ, "ಹೆಂಗೈತಿ?" ಎಂದು ಕೇಳಿದ. ಇವನು, "ಏನ ಚಿಂತಿಲ್ರಿ, ಪೂರಾ ಟೇಮ್ ಆಗೇತಿ" ಅಂದ. ಆ ಮನುಷ್ಯ ದಿನ ತುಂಬಿದೆ, ಇಂದೋ ನಾಳೆಯೋ ಈಯುತ್ತದೆ ಎಂದು ತಿಳಿದ. ಖುಷಿಯಿಂದ ಹೊಡೆದುಕೊಂಡು ಹೋದ. ಮನೆಯಲ್ಲಿ ಗಿಣ್ಣದ ಹಾಲಿಗೆ ಬೆಲ್ಲ ಕುಟ್ಟಿ ಇಟ್ಟು ಕಾದರಂತೆ. ಎಮ್ಮೆ ಆರಾಮಾಗಿ ಮೆಲುಕು ಹಾಕುತ್ತ ನಿಂತಿತ್ತು, ಅಷ್ಟೇ.

ಒಂದು ಬೆಳಗ್ಗೆ ನಮ್ಮ ಅಂಗಳಕ್ಕೆ ಟೆಂಪೊ ಬಂತು. ಎಮ್ಮೆ, ರೈತ, ಅವನ ಹೆಂಡತಿ ಎಲ್ಲರೂ ಇಳಿದರು.

"ಎಲ್ಲಿ ಅದಾನ ಆ ಸುಳ್ಳಬುರಕ? ಟೇಮ್ ಆಗೇತಿ ಅಂದಿದ್ದೆಲ್ಲೋ, ಎಲ್ಲೈತಿ ಕರ?"

"ಕರಾ?" ಮಾಳಪ್ಪ ಹಗ್ಗ ಬಿಟ್ಟು ಎದ್ದ. "ನಾ ಕರದ ಮಾತ ಎಲ್ಲಿ ಆಡೇನ್ರಿ? ಟೇಮ್ ಆಗೇತಿ ಅಂದೆ."

"ಅದನ್ನ ನಾನೂ ಕೇಳಾಕತ್ತೇನಿ. ಯಾವ ಟೇಮ್?"

"ಇಂಗ್ಲೀಷ್ ಟೇಮ್ ರೀ."

ಆ ಮನುಷ್ಯ ಪಟಕಾ ತೆಗೆದು ನೆಲಕ್ಕೆ ಬಡಿದ. "ಎಮ್ಮಿ ಕನ್ನಡದ್ದು, ನೀ ಕನ್ನಡದಾಂವ, ನಾ ಕನ್ನಡದಾಂವ. ನಡುವ ಇಂಗ್ಲೀಷ್ ಯಾಕ ಬಂತಲೇ?"

ಇಷ್ಟು ಹೊತ್ತಿಗೆ ಎಮ್ಮೆ ತಾನಾಗಿಯೇ ಕೊಟ್ಟಿಗೆಗೆ ಹೋಗಿ ತನ್ನ ಹಳೆಯ ಗೂಟದ ಹತ್ತಿರ ನಿಂತಿತ್ತು. ಮಾಳಪ್ಪ ಅದರ ಕಡೆ ಕೈ ತೋರಿಸಿ, "ನೋಡ್ರಿ, ಇದಕ್ಕ ಅನ್ನೂದು" ಅಂದ. ನನಗೆ ಅವನ ತಲೆಗೆ ಸೇರು ಎತ್ತಿ ಹಾಕಬೇಕು ಅನ್ನಿಸಿತು. ಎಮ್ಮೆ ವಾಪಸು ಇಟ್ಟುಕೊಳ್ಳುತ್ತೇವೆ, ನಿಮ್ಮ ದುಡ್ಡು ನೀವು ಒಯ್ಯಿರಿ ಎಂದು ನಾನೇ ಹೇಳಿದೆ. ಆಗ ಆ ಹೆಂಡತಿ ಬಾಯಿ ಬಿಟ್ಟಳು: "ಎಮ್ಮಿ ನಾ ಬಿಡಂಗಿಲ್ರಿ. ನಮ್ಮ ಮನ್ಯಾಗ ನನ್ನ ಮಾತ ಕೇಳೂದು ಅದೊಂದ. ಕರ ಇಂದಲ್ಲ ನಾಳೆ ಹಾಕತೈತಿ." ಚಹಾ ಕುಡಿದು ಎಮ್ಮೆಯನ್ನು ಮತ್ತೆ ಟೆಂಪೊಕ್ಕೆ ಹತ್ತಿಸಿಕೊಂಡು ಹೋದರು. ಹೋಗುವಾಗ ಆ ರೈತ ಕತ್ತು ಹೊರಗೆ ಹಾಕಿ ಮಾಳಪ್ಪನಿಗೆ ಕೂಗಿದ: "ಇನ್ನಮ್ಯಾಲ ಬಾಯಿ ಮುಚಗೊಂಡ ಎಮ್ಮಿ ಮಾರು!"

ಬಾಯಿ ಮುಚ್ಚುವವನಲ್ಲ. ಎಮ್ಮೆ ಬಿಟ್ಟು ಬೇರೆಯದಕ್ಕೂ ಆ ಮಾತನ್ನು ಹಚ್ಚತೊಡಗಿದ. ಹೊಸ ಚಪ್ಪಲಿ ಕಚ್ಚಿದರೆ, "ಇನ್ನೂ ಟೇಮ್ ಆಗಿಲ್ಲ." ಮಾವಿನ ಉಪ್ಪಿನಕಾಯಿಯ ಭರಣಿ ಮೂಸಿ, "ಟೇಮ್ ಆಗಾಕತ್ತೇತಿ." ಗ್ಯಾಸಿನ ಒಲೆ ಮನೆಗೆ ಬಂದಾಗ ನಾನು ಕಡ್ಡಿ ಗೀರಿ ದೂರ ಜಿಗಿಯುತ್ತಿದ್ದೆ. ಇವನು ಅದಕ್ಕೂ ಬೆನ್ನು ಮಾಡಿ ಸ್ವಲ್ಪ ದಿನ ಕೂಡು ಎಂದು ಬುದ್ಧಿ ಹೇಳಿದ. ಬೆನ್ನು ಮಾಡಿ ಕೂತಿದ್ದರೆ ಹಾಲು ಉಕ್ಕುತ್ತಿತ್ತು.

ಊರಿನ ಶಾಲೆಗೆ ಪಾಠ ಹೇಳಲು ಬೋರಗಾಂವದ ಕಡೆಯಿಂದ ಒಬ್ಬ ಅಕ್ಕೋರು ಬಂದಿದ್ದರು. ಹಾಲಿಗೆ ನಮ್ಮ ಮನೆಗೇ ಬರುತ್ತಿದ್ದರು. ಒಳ್ಳೆಯ ಹುಡುಗಿ, ನಗುನಗುತ್ತ ಮಾತಾಡುವವಳು. ಮಾಳಪ್ಪನ ಟೇಮ್ ಕೇಳಿ ಆಕೆಗೆ ಬಹಳ ಸಂತೋಷವಾಯಿತು. "ಕಾಕಾ, ನೀವಂದದ್ದು ಖರೇ ಐತ್ರಿ. ಆದ್ರ ಅದಕ್ಕ ಇನ್ನೊಂದ ಅರ್ಥಾನೂ ಐತಿ" ಎಂದು ಮೊಬೈಲಿನಲ್ಲಿ ತೆಗೆದು ಓದಿದಳು. ಸಪ್ಪಗಿರುವುದು, ಹುರುಪಿಲ್ಲದ್ದು. ನಾಟಕ ರಂಗೇರದಿದ್ದರೆ, ಆಟದಲ್ಲಿ ಜೋರಿಲ್ಲದಿದ್ದರೆ ಅದಕ್ಕೂ ಟೇಮ್ ಅನ್ನುತ್ತಾರಂತೆ.

ಆಕೆ ಹಾಲು ಹಿಡಿದು ಹೋದಳು. ಇವನು ಮಂಕಾದ. ಆ ದಿನ ಊಟದಲ್ಲಿ ಒಂದು ರೊಟ್ಟಿ ಕಡಿಮೆ ತಿಂದ. ಮರುದಿನವೂ ಹಾಗೆಯೇ. ಆಮೇಲೆ ಶಾಂತವ್ವನನ್ನು ಕೇಳುವುದು ನನ್ನ ಕಿವಿಗೆ ಬಿತ್ತು. "ಏ ಶಾಂತಾ, ಮಂದಿ ಮನ್ಯಾಗ ಇದ್ದೂ ಇದ್ದೂ ನಾ ಸಪ್ಪಗಾದ್ನೇನು?"

ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಮುಖ ಎತ್ತಲಿಲ್ಲ. "ಸಪ್ಪಗಾಗಿದ್ದರ ನಾ ಉಪ್ಪ ಹಾಕೋತಿದ್ದೆ ಬಿಡು. ಮತ್ತ ಮಂದಿ ಮನಿ ಯಾವದು? ಇನ್ನೊಂದ ಸಲ ಅಂದರ ಮೊರಾ ತಗೊಂಡ ಬಡೀತೇನಿ."

ಅವತ್ತು ಅವನು ಹೊಟ್ಟೆತುಂಬ ಉಂಡ. ಉಣ್ಣುತ್ತ ಉಣ್ಣುತ್ತ ನನ್ನ ಕಡೆ ನೋಡಿ ಹೇಳಿದ: "ಅಕ್ಕಾ, ಸಾರು ಟೇಮ್ ಆಗೇತಿ." ನನ್ನ ಕೈ ಉಪ್ಪಿಗೆ ಸ್ವಲ್ಪ ಹಿಂದೆ, ಅದು ಮೊದಲಿನಿಂದ ಇದ್ದದ್ದೇ. ಅಂದಿನಿಂದ ನನ್ನ ಅಡುಗೆಗೆ ಆ ಮಾತು ಕಾಯಂ ಆಯಿತು. ನಾನು ಉಪ್ಪಿನ ಗಿಂಡಿಯನ್ನು ಅವನ ಮುಂದೆ ಕುಕ್ಕುತ್ತಿದ್ದೆ.

ಶಾಂತವ್ವ ಹೊಟ್ಟೆಬೇನೆಯಲ್ಲಿ ಹೋದಳು. ಮಕ್ಕಳಿರಲಿಲ್ಲ. ಅಪ್ಪ ಮೊದಲೇ ಹೋಗಿದ್ದ. ದಿನಕರ್ಮ ಮುಗಿದ ಬೆಳಗ್ಗೆ ಅಪ್ಪಾಸಾಬ ಉಗಾರದಿಂದ ಟೆಂಪೊ ತಂದು ಅಂಗಳದಲ್ಲಿ ನಿಲ್ಲಿಸಿದ. "ಚಲ ಮಾಳ್ಯಾ, ಘರೀ ಚಲ. ಮನಿಗಿ ಹೋಗೂಣು. ಇಲ್ಲಿ ಇನ್ನ ಯಾರ ಸಂಬಂಧ ಇರಾಂವ? ನಿನ್ನ ಹೊರಸ ಹಂಗ ಐತಿ."

ತಪ್ಪು ಹೇಳಲಿಲ್ಲ ಅವನು. ಹೆಂಡತಿಯ ಸಲುವಾಗಿ ಬಂದವನು, ಹೆಂಡತಿಯೇ ಇಲ್ಲ. ಸುತ್ತಲಿನ ಮನೆಯವರು ಬೇಲಿಗೆ ಬಂದು ನಿಂತಿದ್ದರು. ಅವನು ಹೋದರೆ ಎಮ್ಮೆಗಳು ನನ್ನಿಂದ ಆಗುವುದಿಲ್ಲ. ನನ್ನ ಕೈಬೆರಳು ಆಗಲೇ ಮಡಚಲು ಬರುತ್ತಿರಲಿಲ್ಲ. ಎಮ್ಮೆ ಹೋದರೆ ಆ ಮನೆಯಲ್ಲಿ ನಾನು ಮಾಡುವ ಕೆಲಸವೂ ಇಲ್ಲ. ಮಾಳಪ್ಪನಿಗೆ ಅದೆಲ್ಲ ಗೊತ್ತಿತ್ತು. ನನ್ನ ಮುಖ ನೋಡಿದ.

"ನನ್ನೇನ ನೋಡತಿ?" ಅಂದೆ. "ಹೋಗಾಂವ ಹೋಗು. ಎಮ್ಮಿ ಕೊಟ್ಟ ಬಿಡತೇನಿ."

ಅವನು ಕೊಟ್ಟಿಗೆಗೆ ಹೋಗಿ ಎಮ್ಮೆಗಳಿಗೆ ಮೇವು ಎಳೆದ. ಹಗ್ಗಗಳನ್ನು ಗೂಟಕ್ಕೆ ಎಂದಿನಂತೆಯೇ ಸುತ್ತಿದ. ಬಟ್ಟೆಯ ಗಂಟು ಹಿಡಿದು ಬಂದು ಟೆಂಪೊದ ಹಿಂದುಗಡೆ ಹತ್ತಿ, ನಮ್ಮ ಕಡೆ ಬೆನ್ನು ಮಾಡಿ ಕೂತ. ಹೋದ.

ಮನೆಅಳಿಯ ಹೋದ ಎಂದು ಊರಿಗೆ ನೆಮ್ಮದಿಯಾಯಿತು. ನಾನು ಹಗ್ಗಗಳಿಗೆ ಗಂಟು ಹಾಕಿದೆ. ಹಿಂಡಲು ಪಕ್ಕದ ಮನೆಯವರನ್ನು ಕರೆಯಬೇಕಾಗುತ್ತಿತ್ತು. ಒಬ್ಬ ದಲಾಲಿ ಬಂದು ಎಮ್ಮೆಗಳನ್ನು ನೋಡಿ ಹೋದ, ಮುಂದಿನ ಸಂತೆಗೆ ಬಂದು ಹೊಡೆದುಕೊಂಡು ಹೋಗುತ್ತೇನೆಂದ. ಆಗಲಿ ಅಂದೆ. ಯಾರೂ ಸತ್ತಿಲ್ಲದ ಹಾಗೆ, ಯಾರೂ ಹೋಗಿಲ್ಲದ ಹಾಗೆ ಎಮ್ಮೆಗಳು ಮೆಲುಕು ಹಾಕುತ್ತಿದ್ದವು. ನನಗೆ ಅದು ಬಹಳ ಸಿಟ್ಟು ತರಿಸುತ್ತಿತ್ತು.

ಸಂತೆಯ ಹಿಂದಿನ ದಿನ ಬೆಳಗಿನ ಬಸ್ಸಿಗೆ ಮಾಳಪ್ಪ ಬಂದಿಳಿದ. ಅದೇ ಬಟ್ಟೆಯ ಗಂಟು. ಬೇಲಿಯ ಕಡ್ಡಿ ಸರಿಸಿ ಒಳಗೆ ಬಂದು ನಿಂತ. ನಾನು ಅಂಗಳ ಗುಡಿಸುತ್ತಿದ್ದೆ.

"ಯಾಕ ಬಂದಿ? ಅಣ್ಣ ಬಿಟ್ಟನೇನು?"

"ಬಿಡೂದೇನೈತಿ? ಅವನೂ ಕಟ್ಟಿರಲಿಲ್ಲ, ನೀನೂ ಕಟ್ಟಿರಲಿಲ್ಲ. ಎಲ್ಲಿ ನಿಂದರಬೇಕು ಅಂತ ನಾನ ನೋಡಕೋಬೇಕಾತು."

"ಹೊರಸ ಇತ್ತಲ್ಲ?"

"ಇತ್ತು. ಮಲಗಿದೆ. ಎಮ್ಮಿ ಉಸರ ಕೇಳಲಿಲ್ಲ, ನಿದ್ದಿ ಹತ್ತಲಿಲ್ಲ."

"ಚಪ್ಪಲಿ ಹೊರಗ ಬಿಡು" ಅಂದೆ. "ಕೊಟ್ಟಿಗ್ಯಾಗ ಸಗಣಿ ತುಂಬೇತಿ."

ಮರುದಿನ ದಲಾಲಿ ಬಂದ. "ಏನಬೇ, ಕೊಡತೇನಿ ಅಂದಿದ್ದಿ?" ಎಂದು ಕೇಳಿದ. "ಇನ್ನೂ ಟೇಮ್ ಆಗಿಲ್ಲ" ಅಂದೆ. ಯಾವ ಟೇಮ್ ಎಂದು ಅವನು ಕೇಳಲಿಲ್ಲ. ಕೊಟ್ಟಿಗೆಯೊಳಗಿಂದ ಮಾಳಪ್ಪ ಕೆಮ್ಮಿದ.

ತಂಗಿ ಸತ್ತ ಮೇಲೆ ಅವಳ ಗಂಡನ ಜೊತೆ ಒಂದೇ ಮನೆಯಲ್ಲಿ ಇರುತ್ತೀಯಾ ಎಂದು ನಳದ ಹತ್ತಿರ ಒಬ್ಬಳು ಕೇಳಿದಳು. "ಇರತೇನಿ. ಅವನ ಮೊಣಕಾಲ ಏಳೂದಿಲ್ಲ, ನನ್ನ ಸೊಂಟ ಬಗ್ಗೂದಿಲ್ಲ. ನಿನಗ ಏನ ಅನುಮಾನ ಐತಿ ಹೇಳು" ಅಂದೆ. ಕೊಡ ತುಂಬುವ ಮೊದಲೇ ಎತ್ತಿಕೊಂಡು ಹೋದಳು. ಮಾಳಪ್ಪ ಮಾತ್ರ ತಾನಾಗಿಯೇ ಹಾಸಿಗೆಯನ್ನು ಕೊಟ್ಟಿಗೆಯ ಮಗ್ಗುಲಿಗೆ ಒಯ್ದ. ಊಟಕ್ಕೆ ಬರುವಾಗ ಬಾಗಿಲಲ್ಲಿ ಕೆಮ್ಮಿ ಬರುತ್ತಿದ್ದ. ಅದೇ ಸಾರು, ಅದೇ ಮಾತು, ಅದೇ ಉಪ್ಪಿನ ಗಿಂಡಿ. ಹೀಗೆ ವರ್ಷಗಳು ಹೋದವು.

ಹೋದ ಮಳೆಗಾಲದಲ್ಲಿ ಒಂದು ಹೊಸ ಪಡ್ಡೆ ಎಮ್ಮೆ ತಂದಿದ್ದ. ಮೊದಲ ಸೂಲು, ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಒಂದು ಬೆಳಗ್ಗೆ ಅದಕ್ಕೆ ಬೆನ್ನು ಮಾಡಿ ಹಗ್ಗ ಹೊಸೆಯುತ್ತ ಕೂತಿದ್ದ. ನಾನು ಚಹಾ ಇಟ್ಟು ಕರೆದೆ. ತಿರುಗಲಿಲ್ಲ. ಪಡ್ಡೆಯ ಹತ್ತಿರ ಕೂತಾಗ ಅವನು ತಿರುಗುವವನೇ ಅಲ್ಲ, ಹೀಗಾಗಿ ನಾನು ಹೊರಟುಹೋದೆ. ಮತ್ತೆ ಬಂದಾಗ ಚಹಾದ ಮೇಲೆ ಕೆನೆ ಕಟ್ಟಿತ್ತು. ಪಡ್ಡೆ ಕತ್ತು ಚಾಚಿ ಅವನ ಪಟಕಾ ಮೂಸುತ್ತಿತ್ತು. ಅವನ ಜೀವ ಹೋದದ್ದು ತಿಳಿದು ಅದರ ಕರುಳು ಚುರುಕ್ ಅಂದಿತ್ತು ಎಂದು ಆಮೇಲೆ ಊರಲ್ಲಿ ಹೇಳಿಕೊಂಡರು. ಅದೆಲ್ಲ ಸುಳ್ಳು. ತಂಬಾಕಿನ ವಾಸನೆಗೆ ಮೂಸಿತು. ಅವನ ಹೆಬ್ಬೆರಳಿಗೆ ಇನ್ನೂ ನಾರು ಸಿಗಿಸಿಕೊಂಡೇ ಇತ್ತು.

ಅಪ್ಪಾಸಾಬ ಟೆಂಪೊ ತಂದ. ಅವನಿಗೂ ವಯಸ್ಸಾಗಿತ್ತು, ಇಳಿಯಲು ಕೈ ಹಿಡಿಯಬೇಕಾಯಿತು. ಮಣ್ಣಿಗಾದರೂ ಉಗಾರಕ್ಕೆ ಒಯ್ಯುತ್ತೇವೆ ಎನ್ನುತ್ತಾನೆಂದು ತಿಳಿದು ನಾನೇ ಮೊದಲು ಹೇಳಿದೆ: "ಒಯ್ಯೂದಿದ್ದರ ಒಯ್ಯಿ. ಗಂಟೇನ ಹಾಕಿಲ್ಲ."

ಅವನು ಕಟ್ಟೆಯ ಮೇಲೆ ಕೂತು ಕೊಟ್ಟಿಗೆಯ ಕಡೆ ನೋಡಿದ. "ಬ್ಯಾಡ ಬಿಡ್ರಿ ಅಕ್ಕಾ. ಜೀವಂತ ಒಯ್ದಾಗ ನಿಂದರಲಿಲ್ಲ. ಈಗ ಒಯ್ದ ಏನ ಮಾಡ್ಲಿ?"

ಹೊಲದ ಬದುವಿನಲ್ಲಿ ಶಾಂತವ್ವನ ಮಗ್ಗುಲಿಗೆ ಮಣ್ಣು ಮಾಡಿದೆವು. ಆಮೇಲೊಂದು ದಿನ ಅಪ್ಪಾಸಾಬ ಆ ಹೊರಸನ್ನು ತಂದು ನಮ್ಮ ಪಡಸಾಲೆಯಲ್ಲಿ ಇಳಿಸಿ ಹೋದ. ಅದರ ಹಗ್ಗ ಸಡಿಲಾಗಿದೆ. ಬಿಗಿಯುವವರಿಲ್ಲ. ನಾನು ಅದರ ಮೇಲೆ ಮೆಣಸಿನಕಾಯಿ ಒಣಹಾಕುತ್ತೇನೆ.

ಎಮ್ಮೆಗಳು ಎರಡೇ ಉಳಿದಿವೆ. ಪಕ್ಕದ ಮನೆಯ ಸೊಸೆ ಸವಿತಾ ಬಂದು ಹಿಂಡಿ ಡೇರಿಗೆ ಒಯ್ಯುತ್ತಾಳೆ. ಗಡಿಯಾಚೆಯ ಮರಾಠಿ ಮನೆಯ ಹುಡುಗಿ, ಕೆಲಸ ಚುರುಕು. ನಾನು ಹಗ್ಗಕ್ಕೆ ಗಂಟು ಹಾಕುತ್ತೇನೆ, ಅದೂ ಎರಡು ಗಂಟು. ಸುತ್ತಿ ಬಿಡುವ ಧೈರ್ಯ ನನಗಿಲ್ಲ.

ನಿನ್ನೆ ಬೆಳಗ್ಗೆ ಒಬ್ಬಳೇ ಉಣ್ಣಲು ಕೂತೆ. ಸಾರಿಗೆ ರೊಟ್ಟಿ ಅದ್ದಿ ಬಾಯಿಗಿಟ್ಟರೆ ಸಪ್ಪಗಿತ್ತು. "ಟೇಮ್ ಆಗೇತಿ" ಎಂದು ಬಾಯಿಂದ ಬಂದುಬಿಟ್ಟಿತು. ಹಾಲಿನ ಕ್ಯಾನು ತೊಳೆಯುತ್ತಿದ್ದ ಸವಿತಾ ಕೈ ಒರೆಸಿಕೊಂಡು ಮೊಬೈಲ್ ತೆಗೆದು ನೋಡಿದಳು.

"ಹೌದ್ರಿ ಆಯಿ, ಒಂಬತ್ತ ಆಗಾಕ ಬಂತ ನೋಡ್ರಿ" ಅಂದಳು.

ಹೂಂ ಅಂದೆ. ಎದ್ದು ಹೋಗಿ ಉಪ್ಪಿನ ಗಿಂಡಿ ತಂದುಕೊಂಡೆ.